ಉಂಗುರ ಬೆರಳು ಮತ್ತು ಗುಬ್ಬಿ ಸಂತೆ

ಹೊಟ್ಟೆನೋವಾದರೆ ಯಾರಿಗೂ ಕಾಣುವುದಿಲ್ಲ. ಕೈಗೆ ಏನಾದರೂ ಆದರೆ ಊರೆಲ್ಲ ಡಾಕ್ಟರಾಗುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಗುಬ್ಬಿ ಸಂತೆಯಲ್ಲಿ ದನದ ದಲ್ಲಾಳಿ. ನನಗೆ ಮಾತು ಕಡಿಮೆ. ಆ ಕಸುಬಿಗೆ ಮಾತು ಬೇಕಾಗಿಯೂ ಇರಲಿಲ್ಲ, ಬೆರಳು ಸಾಕಿತ್ತು. ಆ ಬೆರಳೇ ಕೆಟ್ಟಿತು.

ಮುದ್ದೆ

ಒಂದು ದಿನ ಊಟಕ್ಕೆ ಕೂತು ಮುದ್ದೆಗೆ ಕೈ ಹಾಕಿದೆ. ಬಲಗೈಯ ಉಂಗುರ ಬೆರಳು ಮಡಿಸಿಕೊಂಡಿತು. ಬಿಡಿಸಲು ಆಗಲಿಲ್ಲ. ಸಾರು ಬಡಿಸಲು ಬಂದ ಹೆಂಡತಿ ನೋಡಿದಳು.

"ಯಾಕಂಗೆ ಮುದ್ದೆ ಹಿಡ್ಕೊಂಡು ಕೂತಿದೀರಾ?"

"ಬಿಡ್ತಾ ಇಲ್ಲ."

"ಬುಡಿ, ಯಾರೂ ಕಿತ್ಕೊಳಲ್ಲ. ಒಳಗೆ ಇನ್ನೂ ಎರಡವೆ."

ಎಡಗೈಯಿಂದ ಎಳೆದಾಗ ಟಕ್ ಎಂದು ನೆಟ್ಟಗಾಯಿತು. ಅಂದಿನಿಂದ ನೆಮ್ಮದಿ ಹೋಯಿತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮಡಿಸುವುದು, ಬಿಡಿಸುವುದು. ಟಕ್, ಟಕ್.

ವಾರ ಕಳೆಯುವುದರೊಳಗೆ ಹೆಂಡತಿ ರೇಗಿದಳು. "ಜಗಲಿಗೋಗಿ ಮಾಡ್ಕೊಳಿ. ಹಲ್ಲಿ ಲೊಚಗುಟ್ತು ಅನ್ಕೊಂಡು ಕೃಷ್ಣ ಕೃಷ್ಣ ಅಂತ ನೆಲ ತಟ್ಟಿ ತಟ್ಟಿ ನನ್ ಬೆರಳೂ ನೋಯ್ತಾ ಅವೆ!"

ನಾಲ್ಕೇ ಸಿಕ್ಕಿತು

ದನದ ವ್ಯಾಪಾರದಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಟವಲ್ಲಿನ ಕೆಳಗೆ ಕೈ ಹಾಕುತ್ತಾರೆ. ನಾನು ಬೆರಳು ಚಾಚಬೇಕು, ಅವನು ಹಿಡಿದು ನೋಡಬೇಕು. ಬೆರಳಿಗೆ ನೂರು. ಒಪ್ಪಿದರೆ ಕೈ ಅದುಮುತ್ತಾನೆ. ಅದುಮಿದ ಮೇಲೆ ಮುಗಿಯಿತು, ಬಾಯಲ್ಲಿ ತಿದ್ದುವಂತಿಲ್ಲ.

ಕೋರ ಎಂಬ ಊರಿನ ರೈತನೊಬ್ಬ ನನ್ನ ಹಳೆಯ ಗಿರಾಕಿ. ಅವನ ಹಸುವಿಗೆ ಐನೂರು ಎಂದು ಐದೂ ಬೆರಳು ಚಾಚಿದೆ. ಉಂಗುರ ಬೆರಳು ಒಳಗೇ ಮಡಿಸಿಕೊಂಡಿತು. ಕೊಳ್ಳುವವನಿಗೆ ನಾಲ್ಕೇ ಸಿಕ್ಕಿತು. ಖುಷಿಯಿಂದ ಅದುಮಿಬಿಟ್ಟ.

ರೈತ ಸಿಟ್ಟಿನಿಂದ ಕುಣಿದಾಡಿದ. "ಏನಣ್ಣ, ನನ್ ಹಸು ನಾನೂರಾ?"

"ಬೆರಳು ಮಡಿಸ್ಕೊಳ್ತು."

"ನಿನ್ ಬೆರಳು ಮಡಿಸ್ಕೊಂಡ್ರೆ ನನ್ ಹಸು ಯಾಕಣ್ಣ ಇಳೀಬೇಕು? ಮನೇಲಿ ಇನ್ನೂ ಎರಡವೆ. ಕೈ ಸರಿ ಮಾಡ್ಕೊಂಡ್ರೆ ನಿನ್ನತ್ರ ತರ್ತೀನಿ. ಇಲ್ಲಾಂದ್ರೆ ಮೀಸೆಯೋನತ್ರ ಹೋಯ್ತೀನಿ."

ಮೀಸೆಯವನು ಪಕ್ಕದ ಹುಣಸೆಮರದ ಕೆಳಗೆ ಕೂರುವ ದಲ್ಲಾಳಿ. ಕೋರದವನು ಅವನ ಹತ್ತಿರ ಹೋದರೆ ಮಿಕ್ಕ ಗಿರಾಕಿಗಳೂ ಹೋಗುತ್ತಾರೆ. ನನ್ನ ಕಸುಬು ಮುಗಿಯುತ್ತದೆ. ಮೀಸೆಯವನಿಗೂ ಅದು ಗೊತ್ತಿತ್ತು. ದೂರದಿಂದಲೇ ಹತ್ತೂ ಬೆರಳು ನೆಟ್ಟಗೆ ಚಾಚಿ ರೈತನಿಗೆ ಕೈಮುಗಿದ.

ಕುಣಿಗಲ್ ಅಜ್ಜ

ಮಾರನೆಯ ದಿನವೇ ಕುಣಿಗಲ್ಲಿಗೆ ಓಡಿದೆ. ಅಲ್ಲಿ ಮುರಿದ ಮೂಳೆಗೆ ಕಟ್ಟು ಹಾಕುವ ಅಜ್ಜನಿದ್ದ. ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಬಿದ್ದಿದ್ಯಾ?"

"ಇಲ್ಲ."

"ಎತ್ತು ತುಳೀತಾ?"

"ಇಲ್ಲ."

ಅಜ್ಜನಿಗೆ ಬೇಜಾರಾಯಿತು. ನನ್ನ ಕೈಯನ್ನು ನನ್ನ ಕಡೆಗೇ ತಳ್ಳಿದ. "ಮೂಳೆ ನೆಟ್ಟಗೈತೆ. ನಾನು ಮುರ್ದಿದ್ದು ಕಟ್ಟೋನು ಕಣಪ್ಪ. ಮುರ್ಕೊಂಡು ಬಾ, ನೋಡಾನ."

ಬಸ್ಸು

ಅಲ್ಲಿಂದಲೇ ತುಮಕೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಟಕ್, ಟಕ್. ಪಕ್ಕದವನು ತಡೆಯಲಾರದೆ ತನ್ನ ಮಣಿಕಟ್ಟು ತೋರಿಸಿದ. ಅಡಕೆಗಾತ್ರದ ಗಂಟು.

"ಇದರ ಮೇಲೆ ರಾಗಿ ಅಳೆಯೋ ಸೇರಲ್ಲಿ ಗುದ್ದಿಸ್ಕೊ ಅಂದ್ರು. ಹೆಂಡ್ತಿ ಕೈಲಿ ಗುದ್ದಿಸ್ದೆ."

"ಹೋಯ್ತಾ?"

"ಒಂದೇ ಏಟಿಗೆ ಹೋಯ್ತು. ನೋವಿಗೆ ನಾನೇನೋ ಬೈದ್ಬುಟ್ಟೆ, ಅವಳೂ ತವರಿಗೆ ಹೋದ್ಲು."

"ಗಂಟು ಇದೆಯಲ್ಲ?"

"ಗಂಟು ವಾಪಸ್ ಬಂತು. ಅವಳಿನ್ನೂ ಬಂದಿಲ್ಲ."

ಕಷ್ಟದ ಔಷಧಿ

ತುಮಕೂರಿನ ಡಾಕ್ಟರು ನನ್ನ ಅಂಗೈ ಒತ್ತಿ ನೋಡಿದರು. ಬೆರಳನ್ನು ಎಳೆಯುವ ಹುರಿ ಊದಿಕೊಂಡಿದೆ, ಅದು ಹಾಯುವ ದಾರಿ ಕಿರಿದಾಗಿದೆ, ಅದಕ್ಕೇ ಸಿಕ್ಕಿಕೊಳ್ಳುತ್ತದೆ ಎಂದರು. ಅರ್ಥವಾಯಿತು. ಮೂಗುದಾರದಲ್ಲಿ ಗಂಟು ಬಿದ್ದರೂ ಹಾಗೇ. ಅಂಗೈಗೆ ಇಂಜೆಕ್ಷನ್ ಚುಚ್ಚಿದರು. ಬೆರಳಿಗೆ ಪುಟ್ಟ ಮರದ ಕಡ್ಡಿ ಇಟ್ಟು ಬಟ್ಟೆ ಸುತ್ತಿದರು.

"ನಾನು ಹೇಳೋವರೆಗೂ ಬಿಚ್ಚಬೇಡಿ. ಇದಕ್ಕೂ ಬಗ್ಗದಿದ್ದರೆ ಸಣ್ಣ ಆಪರೇಷನ್. ಏನು ಕೆಲಸ ನಿಮ್ದು?"

"ದನದ ದಲ್ಲಾಳಿ."

"ಹೌದಾ? ನನಗೂ ಒಂದು ಹಸು ಬೇಕು, ಒಂದು ದಿನ ಸಂತೆಗೆ ಬರ್ತೀನಿ. ನಿಮ್ದು ಬಾಯಿ ಕೆಲಸ ತಾನೇ? ಒಳ್ಳೇದಾಯ್ತು. ಕೈ ಆಡಿಸ್ಬೇಡಿ, ಚೆನ್ನಾಗಿ ಮಾತಾಡಿ."

ಅಷ್ಟು ಕಷ್ಟದ ಔಷಧಿಯನ್ನು ನನಗೆ ಯಾರೂ ಹೇಳಿರಲಿಲ್ಲ.

ಕಡ್ಡಿ

ಮುಂದಿನ ಸಂತೆಗೆ ಕೋರದವನು ಎರಡನೆಯ ಹಸು ತಂದ. ನನ್ನ ಕಡ್ಡಿ ನೋಡಿದ. ಮೀಸೆಯವನ ಕಡೆ ನೋಡಿದ. "ಇದೊಂದ್ ಸಲ ನೋಡ್ತೀನಣ್ಣ" ಎಂದ.

ಟವಲ್ಲಿನ ಕೆಳಗೆ ಐದೂ ಬೆರಳು ಚಾಚಿದೆ. ಕಡ್ಡಿ ಇದ್ದದ್ದರಿಂದ ಉಂಗುರ ಬೆರಳು ಮಡಿಸಿಕೊಳ್ಳಲಿಲ್ಲ. ಕೊಳ್ಳುವವನು ಒಂದೊಂದಾಗಿ ಹಿಡಿಯುತ್ತ ಬಂದು ಕಡ್ಡಿಯ ಹತ್ತಿರ ನಿಂತ. ಸವರಿದ. ಮತ್ತೆ ಸವರಿದ. ನನ್ನ ಮುಖ ನೋಡಿದ. ನನ್ನ ಮುಖ ಏನನ್ನೂ ಹೇಳುವುದಿಲ್ಲ. ಅವನು ಬೆವತ. ಕೊನೆಗೆ ಕಿವಿಯಲ್ಲಿ ಕೇಳಿದ.

"ಐದು ಬೆರಳಿಗೆ ಐನೂರು ಸರಿ. ಈ ಕಡ್ಡಿ ಐವತ್ತಾ?"

ಏನು ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನು "ಆಯ್ತಪ್ಪ, ಐವತ್ತೇ" ಎಂದು ಅದುಮಿಬಿಟ್ಟ.

ಅದುಮಿದ ಮೇಲೆ ಬಾಯಲ್ಲಿ ತಿದ್ದುವಂತಿಲ್ಲ.

ಡಾಕ್ಟರ ಹಸು

ಕೋರದವನ ಬಾಯಿ ದೊಡ್ಡದು. ಕಡ್ಡಿ ಕಟ್ಟಿದ ದಲ್ಲಾಳಿ ಐವತ್ತು ಹೆಚ್ಚು ಕೊಡಿಸುತ್ತಾನೆ ಎಂದು ಸಂತೆಯೆಲ್ಲ ಸಾರಿದ. ಮುಂದಿನ ಸಂತೆಗೆ ಮೀಸೆಯವನ ಉಂಗುರ ಬೆರಳಿಗೂ ಕಡ್ಡಿ. ಅದರ ಮುಂದಿನ ಸಂತೆಗೆ ಸಾಲಿನಲ್ಲಿದ್ದ ದಲ್ಲಾಳಿಗಳೆಲ್ಲರಿಗೂ ಕಡ್ಡಿ.

ಹೀಗಿರುವಾಗ ಡಾಕ್ಟರು ಹಸು ಕೊಳ್ಳಲು ಬಂದರು. ಮರದ ಕೆಳಗೇ ನನ್ನ ಕಡ್ಡಿ ಬಿಚ್ಚಿದರು. "ಮಡಿಸಿ. ಬಿಡಿಸಿ." ಟಕ್ ಎನ್ನಲಿಲ್ಲ. "ಗುಣ ಆಯ್ತು, ಇನ್ನು ಆಪರೇಷನ್ ಬೇಡ" ಎಂದು ನಕ್ಕು ತಲೆ ಎತ್ತಿದರು. ಎದುರಿಗೆ ಮೀಸೆಯವನ ಬೆರಳು. ಅವನಾಚೆ ಇನ್ನೊಬ್ಬನ ಬೆರಳು. ಅವನಾಚೆಯವನದೂ.

ಡಾಕ್ಟರ ನಗು ನಿಂತಿತು. "ಏನ್ರೀ ಇದು? ಇದು ಅಂಟುರೋಗ ಅಲ್ವಲ್ರೀ!"

ವಿವರಿಸಲು ಬಹಳ ಮಾತು ಬೇಕಿತ್ತು. "ಹೂಂ" ಎಂದೆ.

ಅಷ್ಟರಲ್ಲಿ ಕೋರದವನು ಮೂರನೆಯ ಹಸು ಹೊಡೆದುಕೊಂಡು ಬಂದ. ಡಾಕ್ಟರಿಗೆ ನೋಡಿದ ಕೂಡಲೇ ಹಿಡಿಸಿತು. ಕೋರದವನು ಮಾತ್ರ ನನ್ನ ಬರಿ ಬೆರಳು ನೋಡಿ ಎದೆ ಬಡಿದುಕೊಂಡ.

"ಅಯ್ಯೋ ಅಣ್ಣ, ಬಿಚ್ಚಿಸ್ಬುಟ್ಯಾ?"

"ಕೈ ಸರಿಹೋಯ್ತು."

"ಸರಿಹೋದ ಕೈ ಕಟ್ಕೊಂಡು ನಾನೇನ್ ಮಾಡ್ಲಿ? ಕಡ್ಡಿ ಇದ್ರೆ ತಾನೇ ಐವತ್ತು ಜಾಸ್ತಿ? ನಿನ್ ಸವಾಸ ಬ್ಯಾಡ" ಎಂದು ಹಸುವಿನ ಹಗ್ಗ ಹಿಡಿದು ಮೀಸೆಯವನ ಕಡೆ ತಿರುಗಿದ.

"ನಿಲ್ಲಯ್ಯಾ!" ಎಂದರು ಡಾಕ್ಟರು. ಬಗ್ಗಿ ನೆಲದ ಮೇಲಿದ್ದ ಕಡ್ಡಿ ಎತ್ತಿಕೊಂಡರು. ಗುಣವಾದ ಬೆರಳಿಗೆ ತಾವೇ ಮತ್ತೆ ಕಟ್ಟಿದರು. ಟವಲ್ಲಿನ ಕೆಳಗೆ ಕೈ ಹಾಕಿ, ತಾವು ಕಟ್ಟಿದ ಕಡ್ಡಿಗೆ ತಾವೇ ಐವತ್ತು ಸೇರಿಸಿ ಅದುಮಿದರು.