ಸುಬೇದಾರನ ಅಂಜಿಕೆ

“ಇಂಥಾ ಅಂಜುಬುರುಕ ಜೀವ ನನ್ನಂಥಾ ಧೈರ್ಯವಂತನ ಮನಿಗೇ ಯಾಕ ಬಂತಪಾ?”

ಕರಬಸಪ್ಪ ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಕೇಳಲು ಆ ಹಗ್ಗದ ಮಂಚದ, ಹೊರಸಿನ ಕೆಳಗೆ ಬೇರೆ ಯಾರೂ ಇರಲಿಲ್ಲ. ಅವನ ಪಕ್ಕದಲ್ಲಿ ಅವನ ನಾಯಿ ಸುಬೇದಾರ ಮೂಗನ್ನು ಮುಂಗಾಲುಗಳ ನಡುವೆ ಹುದುಗಿಸಿಕೊಂಡು, ಗಿರಣಿಯ ಜರಡಿಯಂತೆ ನಡುಗುತ್ತಿತ್ತು. ಆದದ್ದಿಷ್ಟೇ, ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆದಿತ್ತು. ನಾಯಿಯನ್ನು ಹೊರಗೆಳೆಯಲೆಂದು ಕರಬಸಪ್ಪನೂ ಒಳಹೊಕ್ಕಿದ್ದ.

ಎಂಟು ತಿಂಗಳ ಹಿಂದೆ ಐರಣಿಯ ಕುರಿಗಾರ ಲಕ್ಕಪ್ಪನ ಹಿಂಡಿನಿಂದ ತಂದ ಮರಿ ಅದು. ಅದರ ತಾಯಿ ಹೊಳೆದಂಡೆಯಲ್ಲಿ ತೋಳಕ್ಕೆ ಎದುರು ನಿಂತ ನಾಯಿ. ಮಗ ಮಾತ್ರ ಪ್ಲಾಸ್ಟಿಕ್ ಚೀಲ ಸರಸರ ಎಂದರೆ ಮೂಲೆ ಹಿಡಿಯುತ್ತಿತ್ತು, ಪಂಪಸೆಟ್ ಚಾಲೂ ಆದರೆ ಎರಡು ಹೊಲ ದಾಟುತ್ತಿತ್ತು. ಈ ಮನೆಗೆ ಬಂದ ಮೇಲೆ ಒಮ್ಮೆಯೂ ಬೊಗಳಿರಲಿಲ್ಲ. ಬೊಗಳಿದರೆ ಸಪ್ಪಳವಾಗುತ್ತದಲ್ಲ!

ಹೆಂಡತಿ ಹೊಳಿಯವ್ವ ಬಾಗಿ ಹೊರಸಿನ ಕೆಳಗೆ ನೋಡಿದಳು.

“ಇಬ್ಬರೂ ಕೇಳ್ರಿ ಇಲ್ಲೆ. ಮನಿಮುಂದಿನ ಕಣದಾಗ ಮೆಣಸಿನಕಾಯಿ ಹರವೇನಿ. ಬ್ಯಾಡಗಿ ಪ್ಯಾಟಿಗೆ ಒಯ್ಯಾಕ ಇನ್ನೂ ಎಂಟು ದಿನ ಐತಿ. ಅಲ್ಲೀತನಕ ಆಡು, ಮಂಗ್ಯಾ ಯಾರು ಕಾಯಬೇಕು? ಇವತ್ತ ಸಂಜೀಕ ಲಕ್ಕಪ್ಪಣ್ಣ ಬರ್ತಾನ. ಅಷ್ಟರಾಗ ನಿಮ್ಮ ಸುಬೇದಾರ ಒಮ್ಮೆ ಬೊಗಳಿದ್ರ ಇರ್ಲಿ. ಇಲ್ಲಂದ್ರ ನಾಯಿ ಐರಣಿಗೆ, ನೀವು ಕಣಕ್ಕ.”

ಬಯಲು, ಇಬ್ಬನಿ, ಬೇವಿನ ಮರದ ಗೂಬೆ, ಒಂಟಿ ಕಂಬಳಿ ಎಲ್ಲವೂ ಕರಬಸಪ್ಪನ ಕಣ್ಣಮುಂದೆ ಸುಳಿದವು. ಅದಕ್ಕಿಂತ ಹೆಚ್ಚಾಗಿ, ದಿನಾ ತನ್ನ ಪಾದದ ಮೇಲೆ ತಲೆಯಿಟ್ಟು ಮಲಗುವ ಜೀವ ಹೊರಟುಹೋಗುವುದೆಂದು ನೆನೆದು ಅದನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಆದರೂ ಮೀಸೆ ತಿರುವಿದ.

“ಸಂಜೀತನಕ ಯಾಕ? ಮಧ್ಯಾಹ್ನದಾಗ ಇದನ್ನ ಹುಲಿ ಮಾಡ್ತೀನಿ.”

ಮೊದಲ ಉಪಾಯ ಪಕ್ಕದ ಮನೆಯ ಅಕ್ಬರಬಿಯದು. ಗೋಡೆಯ ಮೇಲಿಂದಲೇ ಹೇಳಿದಳು: “ಕರಬಸಪ್ಪಣ್ಣ, ಸಪ್ಪಳಾ ಅಂದ್ರ ಊಟ ಅಂತ ಅದಕ್ಕ ತಿಳೀಬೇಕು ನೋಡ್ರಿ. ನಾ ಗಂಗಾಳ ಬಾರಸ್ತೀನಿ, ನೀವು ರೊಟ್ಟಿ ತೋರಸ್ರಿ.”

ಠಣ್! ಎಂದಿತು ಗಂಗಾಳ. ರೊಟ್ಟಿ ಗಾಳಿಯಲ್ಲಿ ಹಾರಿತು. ಅಕ್ಬರಬಿಯ ಆಡು ಅದನ್ನು ನೆಲಕ್ಕೆ ಬೀಳಲೂ ಬಿಡಲಿಲ್ಲ. ಸುಬೇದಾರ ದನಗಳ ನೀರಿನ ತೊಟ್ಟಿಯಲ್ಲಿತ್ತು. ಮೊಳಕಾಲಮಟ ನೀರಿನಲ್ಲಿ ಕರಬಸಪ್ಪನೂ ಇದ್ದ.

“ಹಿಡಿಯಾಕ ಇಳಿದೆ,” ಎಂದ.

“ನಾಯಿಗಿಂತ ಮೊದಲ ಇಳದ್ರಲ್ಲ!” ಎಂದಳು ಅಕ್ಬರಬಿ.

“ಅದು ಎಲ್ಲಿ ಜಿಗೀತದಂತ ನನಗ ಅಂದಾಜಿತ್ತವಾ.”

ಎರಡನೆಯ ಉಪಾಯ ಅಣ್ಣನ ಮಗ ದುರ್ಗೇಶನದು. ಅವನ ಟ್ರ್ಯಾಕ್ಟರಿಗೆ ಗಾಲಿಗಳಿಗಿಂತ ಸೌಂಡ್ ಬಾಕ್ಸುಗಳೇ ದೊಡ್ಡವು. “ಕಾಕಾ, ಮೊಬೈಲಿಂದ ಬಾಕ್ಸಿಗೆ ಗುಡುಗಿನ ಸಪ್ಪಳ ಹಚ್ತೀನಿ. ಮೊದಲ ಮೆಲ್ಲಕ, ಆಮ್ಯಾಲ ಏರಸ್ತಾ ಹೋಗೂದು. ದಿನಾ ಕೇಳಿದ್ರ ಗುಡುಗೂ ಜೋಗುಳ ಆಗತದ.”

ಕರಬಸಪ್ಪ ಕಣದ ಅಂಚಿನಲ್ಲಿ ಕುಳಿತು ಸುಬೇದಾರನನ್ನು ಕಾಲುಗಳ ನಡುವೆ ಇಟ್ಟುಕೊಂಡ. ದೂರದಲ್ಲೆಲ್ಲೋ ಎಂಬಂತೆ ಗುಡುಗು ಗೊಣಗಿತು. ನಾಯಿಯ ಒಂದು ಕಿವಿ ಅಲುಗಿತು, ಅಷ್ಟೇ.

“ನೋಡಲೇ ದುರ್ಗೇಶಾ! ನನ್ನ ಕೈ ಮ್ಯಾಲಿದ್ರ ಸಾಕು, ಹುಲಿ!”

ಆಗ ದುರ್ಗೇಶನಿಗೆ ಯಾರದೋ ಫೋನು ಬಂತು. ಅವನ ರಿಂಗ್‌ಟೋನು ಡೊಳ್ಳಿನದು. ನಾಲ್ಕು ಬಾಕ್ಸುಗಳಲ್ಲಿ ಡೊಳ್ಳು ಒಮ್ಮೆಲೇ ಸ್ಫೋಟಿಸಿತು.

ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ಮೆಣಸಿನಕಾಯಿಯ ನಡುವೆ ಎರಡು ದಾರಿಗಳು ಬಿದ್ದಿದ್ದವು. ಒಂದು ನಾಲ್ಕು ಕಾಲಿನದು, ಇನ್ನೊಂದು ಎರಡು ಕಾಲಿನದು. ಖಾರದ ಧೂಳು ಮೇಲೆದ್ದು ಓಣಿ ತುಂಬಿತು. ಮುಂದಿನ ಒಂದು ತಾಸು ಹಲಗೇರಿಯ ಆ ಓಣಿಯಲ್ಲಿ ಯಾರ ಮಾತೂ ಸೀನಿಲ್ಲದೆ ಮುಗಿಯಲಿಲ್ಲ. ಬೈಗುಳ ಕೂಡ ಅರ್ಧಕ್ಕೇ ನಿಂತು, ಸೀನಿ, ಮುಂದುವರಿಯುತ್ತಿತ್ತು.

ಹೊಳಿಯವ್ವ ಹುಡುಕುತ್ತ ಹೋದಾಗ, ಚರಂಡಿ ಕೆಲಸಕ್ಕೆ ತಂದು ಹಾಕಿದ್ದ ಸಿಮೆಂಟಿನ ಪೈಪೊಂದರ ಈ ತುದಿಯಲ್ಲಿ ಬಾಲ ಕಂಡಿತು, ಆ ತುದಿಯಲ್ಲಿ ಎರಡು ಪಾದ. ಅವಳು ಪಾದ ಹಿಡಿದು ಎಳೆದಳು.

“ನಾಯಿಗೆ ಸಮಾಧಾನ ಹೇಳಾಕತ್ತಿದ್ದೆ,” ಎಂದು ಕರಬಸಪ್ಪ ಸೀನಿದ.

ಹೊತ್ತು ಮುಳುಗುವ ಮೊದಲೇ ಲಕ್ಕಪ್ಪ ಬಂದ. ಹೆಗಲಿಗೆ ಕಂಬಳಿ, ಹಿಂದೆ ಧೂಳೆಬ್ಬಿಸುತ್ತ ಇನ್ನೂರು ಕುರಿ. ಎಲ್ಲರೂ ಹೇಳಿದ್ದನ್ನು ಸುಮ್ಮನೆ ಕೇಳಿದ. ಸುಬೇದಾರನ ಕಿವಿ ಹಿಡಿದು ನೋಡಿದ, ಬಾಯಿ ತೆಗೆಸಿ ನೋಡಿದ. ಆಮೇಲೆ ಕರಬಸಪ್ಪನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ.

“ಯಜಮಾನ್ರ, ನೀವು ಒಳಗ ಹೋಗಿ ಬಾಗಲಾ ಹಾಕ್ಕೊಳ್ರಿ.”

“ನಾ ಇಲ್ಲಂದ್ರ ಅದಕ್ಕ ಧೈರ್ಯ ಯಾರು ಕೊಡ್ತಾರ?”

“ಹೋಗ್ರಿ ಅಂದೆ.”

ಕರಬಸಪ್ಪ ಒಳಗೆ ಹೋದ. ಹೊರಗೆ ದುರ್ಗೇಶ ದೀಪಾವಳಿಯಲ್ಲಿ ಉಳಿದಿದ್ದ ಪಟಾಕಿಗೆ ಬೆಂಕಿ ಹಚ್ಚಿದ. ಢಂ! ಜಂತಿಯ ಮಣ್ಣು ಉದುರಿತು. ಕರಬಸಪ್ಪ ಎಂದಿನ ಜಾಗದಲ್ಲಿ, ಹೊರಸಿನ ಕೆಳಗೆ, ಶಿವಶಿವಾ ಎನ್ನುತ್ತ ಸುಬೇದಾರನಿಗೆಂದು ಪಕ್ಕದಲ್ಲಿ ಜಾಗ ಬಿಟ್ಟು ಮಲಗಿದ. ಈಗ ಬಾಗಿಲು ಕೆರೆಯುತ್ತದೆ, ಈಗ ಕುಂಯ್‌ಗುಡುತ್ತದೆ ಎಂದು ಕಾದ. ಅದು ಬರಲಿಲ್ಲ. ಬದಲಿಗೆ ಗಡಸು ದನಿಯಲ್ಲಿ ಯಾವುದೋ ನಾಯಿ ಬೊಗಳಿತು.

“ಯಾರ ನಾಯಿ ಅದು?” ಎಂದು ಒಳಗಿಂದಲೇ ಕೂಗಿದ.

“ನಿಮ್ದರಿ!” ಎಂದಳು ಹೊಳಿಯವ್ವ.

ಕರಬಸಪ್ಪ ಓಡಿಬಂದು ನೋಡಿದರೆ, ಅಕ್ಬರಬಿಯ ಆಡು ಗೋಡೆಯ ತುದಿ ಏರಿ ನಿಂತಿತ್ತು. ಕೆಳಗೆ ಸುಬೇದಾರ, ಬೆನ್ನ ಮೇಲೆ ಬಿದ್ದ ಪಟಾಕಿಯ ಕಾಗದವನ್ನೂ ಕೊಡವದೆ, ಎದೆಯುಬ್ಬಿಸಿ ಬೊಗಳುತ್ತಿತ್ತು.

“ನೋಡಿದ್ರಿಲ್ಲೋ? ಮುಂಜಾನಿಂದ ಕೊಟ್ಟ ತಾಲೀಮು ನಂದು!” ಎಂದು ಕರಬಸಪ್ಪ ಕೈಯೆತ್ತಿದ.

ಅಷ್ಟರಲ್ಲಿ ದುರ್ಗೇಶ ಟ್ರ್ಯಾಕ್ಟರಿನ ಡಬ್ಬಿಯ ಮುಚ್ಚಳವನ್ನು ಧಪ್ಪೆಂದು ಹಾಕಿದ. ಎತ್ತಿದ ಕೈ ಹಾಗೆಯೇ ತಲೆಯ ಮೇಲೆ ಕುಳಿತಿತು, ಭುಜ ಕಿವಿಗೆ ಬಂತು. ಸುಬೇದಾರ ಹಿಂತಿರುಗಿ ಒಡೆಯನನ್ನು ನೋಡಿತು. ಬೊಗಳಿಕೆ ಅರ್ಧದಲ್ಲೇ ಕುಂಯ್ ಎಂದಿತು. ಬಾಲ ಮುದುರಿ ಬಂದು ಅವನ ಧೋತರದೊಳಗೆ ತಲೆ ತುರುಕಿತು.

ಆಡು ನಿಧಾನವಾಗಿ ಗೋಡೆಯಿಂದ ಇಳಿಯಿತು.

“ಸಪ್ಪಳಕ್ಕ ಅಂಜೂ ನಾಯಿ ಅಲ್ರಿ ಇದು,” ಎಂದ ಲಕ್ಕಪ್ಪ. “ಸಪ್ಪಳಾದಾಗೊಮ್ಮೆ ನಿಮ್ಮ ಮಾರಿ ನೋಡತದ. ಯಜಮಾನನೇ ಓಡಿದ್ರ ತಾ ಯಾಕ ನಿಲ್ಲಬೇಕು ಅಂತದ. ಎಂಟು ದಿನ ನೀವು ಇದರ ಕಣ್ಣಿಗೆ ಬೀಳಬ್ಯಾಡ್ರಿ. ಇಂಥಾ ಕಾವಲುಗಾರ ಸುತ್ತ ಹತ್ತು ಊರಾಗ ಇರೂದಿಲ್ಲ.”

ಹೊಳಿಯವ್ವ ಕಣವನ್ನು ನೋಡಿದಳು. ಮನೆಗೆ ಇರುವ ಒಂದೇ ಬಾಗಿಲನ್ನು ನೋಡಿದಳು. ಅದು ಕಣಕ್ಕೇ ತೆರೆಯುತ್ತಿತ್ತು. ಕೊನೆಗೆ ಗಂಡನನ್ನು ನೋಡಿದಳು.

“ಲಕ್ಕಪ್ಪಣ್ಣ, ನಾಯಿ ಇಲ್ಲೇ ಇರ್ಲಿ. ಎಂಟು ದಿನ ಇವರನ್ನ ನಿನ್ನ ಹಿಂಡಿನ ಸಂಗಾಟ ಕರಕೊಂಡು ಹೋಗಪಾ. ರೊಟ್ಟಿ ನಾ ಕಟ್ಟಿಕೊಡ್ತೀನಿ.”

ಲಕ್ಕಪ್ಪ ತನ್ನ ಕುರಿಗಳ ಕಡೆ ತಿರುಗಿದ. ಅವು ನೆಮ್ಮದಿಯಿಂದ ಮೆಲುಕು ಹಾಕುತ್ತಿದ್ದವು. ಕಂಬಳಿ ಕೊಡವಿ ಹೆಗಲಿಗೇರಿಸಿದ.

“ಒಲ್ಲೆ ತಂಗಿ, ಆಗೂದಿಲ್ಲ. ಇನ್ನೂರು ಕುರಿ ಅದಾವು ನನ್ನವು. ಇವರನ್ನ ನೋಡಿ ಅವು ಕಲತ್ರ, ಅಷ್ಟು ಹೊರಸು ನಾ ಎಲ್ಲಿಂದ ತರ್ಲಿ?”