ನೂರು ವರ್ಷದ ನಂತರದ ಕಾದಂಬರಿಯನ್ನು ಈಗಲೇ ಓದಿದ್ದು

ಸಿಟ್ಟು ಬರಿಸುವ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಈ ಸಲ ಪುಸ್ತಕವಾಗಿ ಬಂದವು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೆಷಿನ್ನಿನ ಗೆಳೆಯ ಒಂದು ಕಾದಂಬರಿ ಕೊಟ್ಟ. ನೂರು ವರ್ಷ ಆದಮೇಲಿನ ಕಥೆ. ಯಂತ್ರ ಗುರುತು ಹಿಡಿದರೆ ಮಾತ್ರ ಮನುಷ್ಯನಿಗೆ ಊಟ, ಕೆಲಸ. ನಾನೋ ಬೇರೆ ಚಿಂತೆಯಲ್ಲಿದ್ದೆ. ಸೋಮವಾರ ಅಕ್ಕನ ಮಗಳಿಗೆ ಕಿವಿ ಚುಚ್ಚಿಸುವುದು. ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಇನ್ನೊಂದು ಸಲ ತಡವಾಗಿ ಬಂದರೆ ಆ ರಜೆ ಇಲ್ಲ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದರು.

ಅಮ್ಮನಿಗೆ ಓದಿ ಹೇಳಿದ್ದು

ಯಂತ್ರ ಬೆರಳು ಒಪ್ಪದೆ ಮುದುಕಿಯೊಬ್ಬಳು ಹಸಿದುಕೊಂಡೇ ವಾಪಸು ಹೋಗುವ ಪುಟ. ಎಷ್ಟು ಚೆನ್ನಾಗಿ ಬರೆದಿದ್ದಾನೆಂದರೆ ಅದನ್ನೇ ಎರಡು ಸಲ ಓದಿದೆ. ಸಿಟ್ಟೂ ಬಂತು, ಇದನ್ನು ನೂರು ವರ್ಷ ಮುಂದಕ್ಕೆ ಹಾಕಿದನಲ್ಲ ಮಹಾರಾಯ!

ಅಮ್ಮ ರಾಗಿ ಕೇರುತ್ತಲೇ ಕೇಳಿದಳು: "ಬೆಟ್ಟು ತಲೆಗೂದ್ಲಿಗೆ ಉಜ್ಜಿ ಒತ್ತವ್ವಾ ಅಂತ ಯಾರೂ ಹೇಳ್ಲಿಲ್ವೇನ್ಲಾ? ನಮ್ಮ ರೇಷನ್ ಅಂಗ್ಡಿಯವ್ನು ಹೇಳ್ತಾನಪ್ಪ. ಆ ಕಾಲ್ದಾಗೆ ತಲೆಗೆ ಎಣ್ಣೇನೂ ಹಚ್ಚಲ್ವಾ?"

ಸೂಪರ್‌ವೈಸರ್ ಓದಿದ್ದು

ಟೀ ಹೊತ್ತಿನಲ್ಲಿ ಪುಸ್ತಕ ಕಿತ್ತುಕೊಂಡು ಹೋದವರು ಎರಡು ದಿನ ಬಿಟ್ಟು ತಂದುಕೊಟ್ಟರು. ಕಕ್ಕಸಿಗೆ ಹೋದವರ ಹೊತ್ತನ್ನೂ ಯಂತ್ರ ಲೆಕ್ಕ ಹಾಕುವ ಪುಟ ನನಗೆ ಮೈ ಉರಿಸಿತ್ತು. ಅಲ್ಲೆಲ್ಲ ಅವರು ಪೆನ್ಸಿಲಿನಿಂದ ಸರಿ ಗುರುತು ಹಾಕಿದ್ದರು.

"ಒಳ್ಳೊಳ್ಳೆ ಐಡಿಯಾ ಇವೆ ಕಣಪ್ಪಾ," ಎಂದರು. "ಎರಡನೇ ಭಾಗ ಬಂದಿದ್ಯಾ?"

ಗೇಟಿನಲ್ಲಿ ಆದದ್ದು

ಶನಿವಾರ ನಮ್ಮೂರು ಸಾಸಲಿನಿಂದ ಕಾರ್ಖಾನೆಗೆ ಬರುವ ಬಸ್ಸಿನಲ್ಲಿ ಕೊನೆಯ ಪುಟ ಮುಗಿಸಿದೆ. ನಾಯಕ ಯಂತ್ರಕ್ಕೆ ಕೈಮುಗಿದು ಸುಮ್ಮನಾಗಿಬಿಡುತ್ತಾನೆ! ಇದಕ್ಕಾ ನಾನು ಇಷ್ಟು ಓದಿದ್ದು? ಕೆಂಡ ಕಾರುತ್ತ ಗೇಟಿಗೆ ಬಂದೆ. ಮುಖ ನೋಡಿ ಹಾಜರಿ ಹಾಕುವ ಯಂತ್ರ ನನ್ನನ್ನು ಒಪ್ಪಲಿಲ್ಲ. ಮತ್ತೆ ನಿಂತೆ. ಇಲ್ಲ.

ಗಾರ್ಡ್ ಹೇಳಿದ: "ಅಣ್ಣಾ, ಸೇರಿದ ದಿನ ನೀವು ನಗ್ತಾ ಫೋಟೋ ಕೊಟ್ಟಿದ್ದೀರ. ಇದಕ್ಕೆ ಆ ನಗುನೇ ಬೇಕು."

"ನಗಲ್ಲ, ಏನ್ ಮಾಡ್ಕೊಳ್ತದೋ ಮಾಡ್ಕೊಳ್ಲಿ!"

"ಗುರು, ನಕ್ಬಿಡು, ನಮಗೂ ಲೇಟಾಗ್ತದೆ!" ಹಿಂದಿನ ಸಾಲು ಕೂಗಿತು.

ಹಲ್ಲು ಕಿರಿದೆ. ಒಪ್ಪಲಿಲ್ಲ. ಸೈರನ್ ಆಗುವುದರಲ್ಲಿತ್ತು. ಬೇರೆಯವರ ತೊಡೆಯ ಮೇಲೆ ಕೂತು ಅಳುವ ಮಗು ಕಣ್ಣಮುಂದೆ ಬಂತು. ಅದರ ಬೊಚ್ಚು ಬಾಯಿ ನೆನೆಸಿಕೊಂಡೆ, ತಾನಾಗಿಯೇ ನಗು ಬಂತು. ಗೇಟು ತೆರೆಯಿತು. ರಜೆ ಉಳಿಯಿತು, ನನ್ನ ಮರ್ಯಾದೆ ಹೋಯಿತು.

ಗಾರ್ಡ್ ಬೆನ್ನು ತಟ್ಟಿದ: "ಹಂಗೇ ಇಟ್ಕೊಂಡಿರಿ ಅಣ್ಣಾ ಆ ಮುಖ, ಸಂಜೆ ಹೊರಗೆ ಬಿಡ್ಬೇಕಲ್ಲ."