ಕೋತಿ ಓಡಿಸುವ ಡಬ್ಬ

ಅಧಿಕಾರಕ್ಕಾಗಿ ಹಂಬಲಿಸುವವರಿಗೆ ನನ್ನದೊಂದು ಮಾತಿದೆ: ಮೊದಲು ನಿಮ್ಮ ನಿದ್ದೆ ಎಂಥದ್ದು ನೋಡಿಕೊಳ್ಳಿ. ಎಪ್ಪತ್ತರ ದಶಕದ ಕೊನೆಯಲ್ಲಿ ಯಲ್ದೂರಿನ ಆಚೆಯ ಹಳ್ಳಿಯೊಂದಕ್ಕೆ ಹೆಡ್‌ಮಾಸ್ಟರಾಗಿ ಹೋಗುವವರೆಗೆ ನಾನು ಪರಮಸುಖಿ. ಸೂರು ಸೋರಲಿ, ಸೀಮೆಸುಣ್ಣ ಮುಗಿಯಲಿ, "ಮೇಲಿನವರು ಹೇಳಬೇಕಲ್ಲ" ಎಂದು ಕೈ ತೊಳೆದುಕೊಂಡರೆ ಆಯಿತು.

ಜೂನ್‌ನಲ್ಲಿ ಶಾಲೆ ತೆರೆದಾಗ ಅರ್ಧ ಮಕ್ಕಳೇ ಇಲ್ಲ. ಮಾವು ಕೀಳುವ ಕಾಲ. ತೋಟವಿದ್ದವರ ಮಕ್ಕಳು ಪಾಠಕ್ಕೆ, ತೋಟ ಕಾಯುವವರ ಮಕ್ಕಳು ತೋಟಕ್ಕೆ. ತೋಟದ ಕಾವಲಿನ ಪಾಪಮ್ಮ ತನ್ನ ಮಗಳು ಲಕ್ಷ್ಮೀದೇವಿಯನ್ನು ಶಾಲೆ ಬಿಡಿಸಲು ಬಂದಳು. "ಸುಗ್ಗಿ ಮುಗಿಯೋ ಹೊತ್ಗೆ ಪಾಠ ಎಲ್ಲೋ ಹೋಗಿರ್ತದೆ ಅಯ್ಯವಾರೂ. ಆಮೇಲೆ ಹಿಂದೆ ಕೂತ್ಕೊಂಡು ಗೋಡೆ ನೋಡೋಕೆ ಯಾಕ್ ಬರ್ಬೇಕು?" ಆ ಹುಡುಗಿ ತರಗತಿಗೇ ಚುರುಕು.

ಶಾಲಾ ಇನ್ಸ್‌ಪೆಕ್ಟರ ಮುಂದೆ ತೋಡಿಕೊಂಡೆ. ಅವರು, "ಶಾಲೆ ಹೊತ್ತು ನೀವೇ ನೋಡಿ ತೀರ್ಮಾನ ಮಾಡ್ಕೊಳ್ರೀ. ಹೆಡ್‌ಮಾಸ್ಟ್ರು ನೀವಾ, ನಾನಾ?" ಎಂದುಬಿಟ್ಟರು. ಎದೆ ಉಬ್ಬಿಸಿಕೊಂಡು ಊರಿಗೆಲ್ಲ ಹೇಳಿ ಮನೆಗೆ ಬಂದು, "ನಾಳೆಯಿಂದ ಶಾಲೆ ಬೆಳಗ್ಗೆ ಆರಕ್ಕೆ ಶುರು. ಹತ್ತಕ್ಕೆ ಮಕ್ಕಳು ತೋಟಕ್ಕೆ ಹೋಗಬಹುದು" ಎಂದು ಹೆಂಡತಿಯೆದುರು ಘೋಷಿಸಿದೆ.

"ಆರಕ್ಕೆ ಬಾಗಿಲು ತೆಗೆಯೋರು ಯಾರು?"

"ನಾನೇ."

ಅವಳು ನಕ್ಕ ನಗುವಿಗೆ ಸೌಟು ಸಾರಿನೊಳಗೆ ಬಿತ್ತು. "ನಮ್ಮ ಮದುವೆ ಮುಹೂರ್ತಕ್ಕೇ ನಿಮ್ಮನ್ನ ನೀರು ಚಿಮುಕಿಸಿ ಎಬ್ಬಿಸಿದ್ರಲ್ರೀ!" ಸುಳ್ಳಲ್ಲ, ಏನು ಮಾಡಲಿ?

ಮರುದಿನ ಮಕ್ಕಳೆಲ್ಲ ಬಂದರು, ಹೆಡ್‌ಮಾಸ್ಟರೊಬ್ಬರನ್ನು ಬಿಟ್ಟು. ಅದರ ಮಾರನೆಯ ದಿನವೂ ಅಷ್ಟೆ. ಮೂರನೆಯ ಬೆಳಗ್ಗೆ ನನ್ನ ಕಿಟಕಿಯ ಕೆಳಗೆ ಲೋಕವೇ ಬಿರಿಯುವಂಥ ಸದ್ದು. ಗಾಬರಿಯಿಂದ ಎದ್ದು ನೋಡಿದರೆ ಪಾಪಮ್ಮ, ಕೈಯಲ್ಲಿ ತೋಟದ ಕೋತಿ ಓಡಿಸುವ ಸೀಮೆಎಣ್ಣೆ ಡಬ್ಬ.

"ಲೇವಂಡಿ ಅಯ್ಯವಾರೂ, ಏಳಿ! ಮಗಳನ್ನ ಕಳ್ಸೋಕೆ ಗಂಡನ ಹತ್ರ ಜಗಳ ಆಡಿದೀನಿ. ಇನ್ನೊಂದಿನ ಬಾಗ್ಲು ಹಾಕಿದ್ರೆ ಅವ್ಳು ತೋಟಕ್ಕೇ, ಆಮೇಲೆ ನಾನು ಮಾತಾಡೋ ಹಂಗಿಲ್ಲ."

ನನಗೆ ನಾಚಿಕೆಯಾಯಿತು. ನನಗಿಂತ ಮೊದಲೇ ನನ್ನ ಆಜ್ಞೆಯನ್ನು ನಂಬಿದವಳು ಆಕೆ. ಅಂದಿನಿಂದ ದಿನವೂ ತೋಟಕ್ಕೆ ಹೋಗುವ ದಾರಿಯಲ್ಲಿ ಮೊದಲು ನನಗೆ, ಆಮೇಲೆ ಕೋತಿಗಳಿಗೆ, ಅದೇ ಡಬ್ಬ. ಕೋತಿಗಳೇ ಬೇಗ ಕಲಿತವೆಂದು ಹೆಂಡತಿಯ ಅಂಬೋಣ.

ಒಂದು ಮುಂಜಾನೆ ಇನ್ಸ್‌ಪೆಕ್ಟರು ಹೇಳದೆ ಕೇಳದೆ ಬಂದರು. ಶಾಲೆ ತುಂಬಿತ್ತು. ಲಕ್ಷ್ಮೀದೇವಿ ಎದ್ದುನಿಂತು ಪಾಠವನ್ನು ಎಲ್ಲೂ ತಡವರಿಸದೆ ಓದಿದಳು. ಮಗಳ ದನಿ ಕೇಳಿ ಬೇಲಿಯಾಚೆ ಹೋಗುತ್ತಿದ್ದ ಪಾಪಮ್ಮ ನಿಂತಳು. ನನ್ನ ಕಣ್ಣು ಮಂಜಾಯಿತು.

"ಭೇಷ್! ಇದೆಲ್ಲ ಯಾರ ಏರ್ಪಾಡು?" ಎಂದರು ಇನ್ಸ್‌ಪೆಕ್ಟರು.

ಇಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಕೋಟಿನ ಗುಂಡಿ ಹಾಕಿಕೊಂಡು ಗಂಭೀರವಾಗಿ, "ನನ್ನದೇ ಸಾರ್" ಎಂದೆ.

ಬೇಲಿಯಾಚೆ ಪಾಪಮ್ಮ ಡಬ್ಬವನ್ನು ಒಂದೇ ಒಂದು ಸಲ, ಮೆಲ್ಲಗೆ ತಟ್ಟಿದಳು.

"ಎದ್ದಿದೀನಮ್ಮಾ, ಎದ್ದಿದೀನಿ!" ಎಂದು ಕೂಗಿಬಿಟ್ಟೆ.